ಕೊರೋನಾ ವೈರಾಣುವೂ ಜೀವಂತ ಲಸಿಕೆಯೂ



ಎಳೆಯ ಕೂಸಿಗೆ ಲಸಿಕೆ ಹಾಕಿಸುವ ದಿನ ಬಂದಾಗ, “ಈ ಮದ್ದಿನೊಳಗೆ ಏನಿರುವುದು?” ಎಂಬ ಪ್ರಶ್ನೆಯು ತಾಯಿಯ ಮನಸ್ಸಿನಲ್ಲಿ ಏಳುವುದು ಸಹಜವಾಗಿದೆ. ಕೆಲವು ಲಸಿಕೆಗಳ ವಿಷಯದಲ್ಲಿ ಇದಕ್ಕೆ ಸತ್ಯವಾದ ಉತ್ತರವನ್ನು ಹೇಳಿದರೆ ಕೇಳಿದವರು ಬೆಚ್ಚಿಬಿದ್ದಾರು. ಏಕೆಂದರೆ ಅವುಗಳೊಳಗಿರುವುದು ರೋಗವನ್ನು ಉಂಟುಮಾಡುವ ವೈರಾಣುವೇ. ಅದೂ ಸತ್ತುದಲ್ಲ, ಜೀವಂತವಾದುದು. ಆದರೆ ಅದರ ಬಲವನ್ನು ಮೊದಲೇ ಕುಂದಿಸಿರುತ್ತಾರೆ. ಇಂಥದಕ್ಕೆ ಬಲಗುಂದಿಸಿದ ಜೀವಂತ ಲಸಿಕೆ ಎಂದು ಹೆಸರು. ದಡಾರಕ್ಕೂ ಪೋಲಿಯೋ ರೋಗಕ್ಕೂ ಇಂಥ ಲಸಿಕೆ ನಮ್ಮಲ್ಲಿ ಬಹುಕಾಲದಿಂದ ಇದೆ. ಉಸಿರಾಟದ ಅಂಗಗಳನ್ನು ಹಿಡಿಯುವ ಕೊರೋನಾ ವೈರಾಣುಗಳಿಗೂ ಇದೇ ರೀತಿಯ ಲಸಿಕೆಯನ್ನು ತಯಾರಿಸುವ ಯತ್ನ ಎಲ್ಲಿಯವರೆಗೆ ಬಂದಿದೆ, ಅದು ಏತಕ್ಕಾಗಿ ಕಷ್ಟವಾಗಿದೆ, ತಾಯಿಯ ಆ ಪ್ರಶ್ನೆಗೆ ನಾವು ಕೊಡಬೇಕಾದ ಪ್ರಾಮಾಣಿಕವಾದ ಉತ್ತರವೇನು ಎಂಬುದನ್ನು ಇಲ್ಲಿ ಸರಳವಾಗಿ ವಿವರಿಸಲು ಯತ್ನಿಸಿದೆ.

ಈ ವಿಷಯವು ನಮಗೆ ದೂರದ್ದೆಂದು ಯಾರೂ ತಿಳಿಯಲಾಗದು. ಭಾರತದೇಶದಲ್ಲಿ ಕೋವಿಡ್ ರೋಗದಿಂದ ಉಂಟಾದ ಮೊದಲನೆಯ ಮರಣವು ೨೦೨೦ನೆಯ ಇಸವಿ ಮಾರ್ಚಿ ತಿಂಗಳಲ್ಲಿ ನಮ್ಮ ನೆರೆಯ ಕಲಬುರಗಿಯಲ್ಲಿಯೇ ಸಂಭವಿಸಿತು. ಅದೇ ವರ್ಷದ ಸೆಪ್ಟೆಂಬರ್ ೨೪ರಂದು ಬಸವಕಲ್ಯಾಣದ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರು ಇದೇ ಬೇನೆಯಿಂದ ತೀರಿಕೊಂಡರು. ಹೊಟ್ಟೆಪಾಡಿಗಾಗಿ ಮುಂಬಯಿ, ಪುಣೆಗಳಿಗೆ ಹೋಗಿದ್ದ ನಮ್ಮ ಸೀಮೆಯ ಕೂಲಿಕಾರರು ಕೆಲಸ ಕಳೆದುಕೊಂಡು ಊರಿಗೆ ಮರಳಿದರು. ಶಾಲೆಗಳ ಬಾಗಿಲು ಮುಚ್ಚಿದವು. ಯಾವ ಯಾವ ಮನೆಯಲ್ಲಿ ಯಾರು ಯಾರು ಇಲ್ಲವಾದರೆಂಬುದನ್ನು ಓದುಗರಿಗೆ ನಾವು ನೆನಪಿಸಬೇಕಾಗಿಲ್ಲ.

ಇನ್ನೊಂದು ಕಾರಣವೂ ಉಂಟು. ಪುಣೆಯಿಂದ ಹೊರಟು ಸೊಲ್ಲಾಪುರ, ಉಮರ್ಗಾಗಳನ್ನು ಹಾದು, ಬಸವಕಲ್ಯಾಣದ ಹತ್ತಿರ ಸಸ್ತಾಪುರ ಬಂಗ್ಲೆಯನ್ನು ಮುಟ್ಟಿ, ಹುಮನಾಬಾದಿನ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿಯನ್ನು ನಾವೆಲ್ಲರೂ ಬಲ್ಲೆವು. ನಮ್ಮ ತೋಳಿಗೆ ಚುಚ್ಚಿದ ಎರಡು ಮುಖ್ಯ ಲಸಿಕೆಗಳಲ್ಲಿ ಕೋವಿಶೀಲ್ಡ್ ಈ ದಾರಿಯ ಒಂದು ತುದಿಯಾದ ಪುಣೆಯಲ್ಲಿಯೂ, ಕೋವ್ಯಾಕ್ಸಿನ್ ಇನ್ನೊಂದು ತುದಿಯಾದ ಹೈದರಾಬಾದಿನಲ್ಲಿಯೂ ತಯಾರಾದವು. ಅವು ಜೀವಂತ ಲಸಿಕೆಗಳಲ್ಲ. ಆದರೆ ಜೀವಂತ ಲಸಿಕೆಯನ್ನು ತಯಾರಿಸುವ ಯತ್ನಗಳೂ ಇದೇ ಎರಡು ಪಟ್ಟಣಗಳಲ್ಲಿ ನಡೆದವು. ಆ ಸಂಗತಿಯನ್ನು ಮುಂದೆ ಹೇಳುವೆವು.

ಲಸಿಕೆಯ ಮೂಲತತ್ವವು ಬಹಳ ಹಳೆಯದು. ಆಕಳ ಕೆಚ್ಚಲಿನ ಮೇಲೆ ಏಳುವ ಸೌಮ್ಯವಾದ ಬೊಕ್ಕೆಯ ರೋಗವನ್ನು ಮನುಷ್ಯನಿಗೆ ಅಂಟಿಸಿದರೆ ಅವನಿಗೆ ಭಯಂಕರವಾದ ಸಿಡುಬು ತಗಲುವುದಿಲ್ಲವೆಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು ೧೭೯೬ರಲ್ಲಿ ಪ್ರಯೋಗ ಮಾಡಿ ತೋರಿಸಿದನು. ಆ ಲಸಿಕೆಯು ೧೮೦೨ನೆಯ ಇಸವಿ ಜೂನ್ ೧೪ರಂದು ಮುಂಬಯಿಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಫಲಿಸಿ, ಅಲ್ಲಿಂದ ತೋಳಿನಿಂದ ತೋಳಿಗೆ ದಾಟುತ್ತ ದೇಶದಲ್ಲೆಲ್ಲ ಹಬ್ಬಿತು. ಮೈಸೂರಿನ ಅರಮನೆಯ ರಾಣಿಯೊಬ್ಬರು ಲಸಿಕೆ ಹಾಕಿಸಿಕೊಂಡು ಪ್ರಜೆಗಳ ಅಂಜಿಕೆಯನ್ನು ಹೋಗಲಾಡಿಸಿದರೆಂದೂ, ೧೮೦೫ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಗಾರನು ಬರೆದ ರಾಜಸ್ತ್ರೀಯರ ಚಿತ್ರವು ಆ ಸಂಗತಿಯನ್ನೇ ಸಾರುವುದೆಂದೂ ಇತಿಹಾಸಜ್ಞರು ಅಭಿಪ್ರಾಯಪಟ್ಟಿರುವರು. ನಮ್ಮ ಕಡೆಯ ಮುದುಕಿಯರು ಇದನ್ನು ‘ದೇವಿ ಹಾಕಿಸುವುದು’ ಎನ್ನುತ್ತಿದ್ದರು. ೧೯೭೫ರಲ್ಲಿ ಸಿಡುಬು ಭಾರತವನ್ನು ಬಿಟ್ಟಿತು. ೧೯೮೦ರಲ್ಲಿ ಅದು ಲೋಕದಿಂದಲೇ ಅಳಿದುಹೋಯಿತೆಂದು ಸಾರಲಾಯಿತು. ಈ ಮಹತ್ಕಾರ್ಯವನ್ನು ಮಾಡಿದುದು ಜೀವಂತ ಲಸಿಕೆಯೇ ಎಂಬುದನ್ನು ಮರೆಯಬಾರದು.

ಈಗ ಲಸಿಕೆಗಳ ಬಗೆಗಳನ್ನು ನೋಡೋಣ. ಕೆಲವನ್ನು ವೈರಾಣುವನ್ನು ಕೊಂದು ಮಾಡುವರು. ಕೋವ್ಯಾಕ್ಸಿನ್ ಈ ಜಾತಿಯದು. ಕೆಲವು ವೈರಾಣುವಿನ ಒಂದು ಅಂಗವನ್ನು ಮಾತ್ರ ಶರೀರಕ್ಕೆ ಪರಿಚಯಿಸುವುವು. ಕೋವಿಶೀಲ್ಡ್ ಎಂಬುದು ಕೊರೋನಾ ವೈರಾಣುವಿನ ಮೈಮೇಲಿನ ಮುಳ್ಳನ್ನು ತಯಾರಿಸುವ ಸೂಚನೆಯನ್ನು ಬೇರೊಂದು ನಿರಪಾಯವಾದ ವೈರಾಣುವಿನ ಮೇಲೆ ಹೊರಿಸಿ ಒಳಗೆ ಕಳುಹಿಸುವುದು. ಮೂರನೆಯ ಬಗೆಯೇ ಜೀವಂತ ಲಸಿಕೆ. ಅದು ಶರೀರದೊಳಗೆ ಸ್ವಲ್ಪಮಟ್ಟಿಗೆ ಬೆಳೆಯುವುದು. ಆದರೆ ಬೇನೆಯನ್ನು ತರಲಾರದಷ್ಟು ಮಂದವಾಗಿ ಬೆಳೆಯುವುದು. ಶರೀರಕ್ಕಾದರೋ ಇದು ನಿಜವಾದ ಶತ್ರುವೇ ಬಂದಂತೆ ತೋರುವುದು. ಮುಳ್ಳನ್ನು ಮಾತ್ರವಲ್ಲದೆ ವೈರಾಣುವಿನ ಎಲ್ಲ ಅಂಗಗಳನ್ನೂ ಶರೀರದ ಕಾವಲುಗಾರರು ಕಂಡು ಗುರುತಿಟ್ಟುಕೊಳ್ಳುವರು.

ಉಸಿರಾಟದ ರೋಗಗಳ ವಿಷಯದಲ್ಲಿ ಇದಕ್ಕೆ ಇನ್ನೊಂದು ಹೆಚ್ಚಿನ ಪ್ರಯೋಜನ ಉಂಟು. ಬಸವಕಲ್ಯಾಣದ ಕೋಟೆಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವುದು. ಆ ಕೋಟೆಗೆ ಹೊರಬಾಗಿಲು ಬೇರೆ, ಒಳಬಾಗಿಲು ಬೇರೆ. ಕಾವಲುಗಾರರನ್ನೆಲ್ಲ ಒಳಸುತ್ತಿನಲ್ಲಿಯೇ ಇಟ್ಟರೆ ಅರಸನ ಪ್ರಾಣವೇನೋ ಉಳಿಯುವುದು. ಆದರೆ ಶತ್ರುವು ಹೊರಬಾಗಿಲನ್ನು ಹೊಕ್ಕು ಪೇಟೆಯನ್ನು ಹಾಳುಮಾಡಿ ಹೋಗಬಹುದು. ತೋಳಿಗೆ ಚುಚ್ಚುವ ಲಸಿಕೆಯು ರಕ್ತದಲ್ಲಿ ಪ್ರತಿಕಾಯಗಳೆಂಬ ರಕ್ಷಕ ವಸ್ತುಗಳನ್ನು ತುಂಬಿ ಶ್ವಾಸಕೋಶವನ್ನು ಚೆನ್ನಾಗಿ ಕಾಯುವುದು. ಆದಕಾರಣವೇ ಅದನ್ನು ಹಾಕಿಸಿಕೊಂಡವರಲ್ಲಿ ಕಠಿಣವಾದ ಬೇನೆಯೂ ಮರಣವೂ ಬಹಳ ಕಡಮೆಯಾದವು. ಆದರೆ ಮೂಗು ಗಂಟಲುಗಳ ತೇವದ ಪೊರೆಯಲ್ಲಿ ಅದು ಇಡುವ ಕಾವಲು ಬಲು ತೆಳುವಾದುದು. ಹೀಗಿರುವುದರಿಂದ ಲಸಿಕೆ ಹಾಕಿಸಿಕೊಂಡವರಿಗೂ ನೆಗಡಿಯಂತೆ ಕೋವಿಡ್ ತಗಲಿತು, ಅವರಿಂದ ಇತರರಿಗೂ ದಾಟಿತು. ಬಲಗುಂದಿಸಿದ ವೈರಾಣುವನ್ನು ಮೂಗಿಗೇ ಹನಿಯಾಗಿ ಬಿಟ್ಟರೆ, ಅದು ಅಲ್ಲಿಯೇ ಸ್ವಲ್ಪ ಬೆಳೆದು, ಹೊರಬಾಗಿಲಿನಲ್ಲಿಯೇ ಕಾವಲನ್ನು ಎಬ್ಬಿಸುವುದೆಂದು ವಿಜ್ಞಾನಿಗಳು ನಿರೀಕ್ಷಿಸುತ್ತಾರೆ. ಸೂಜಿಯೂ ಬೇಡ, ಒಂದೇ ಸಲದ ಹನಿ ಸಾಕಾದೀತೆಂಬ ಆಶೆಯೂ ಇದೆ.

ಹಾಗಾದರೆ ವೈರಾಣುವಿನ ಬಲವನ್ನು ಕುಂದಿಸುವ ಬಗೆ ಹೇಗೆ? ಹಳೆಯ ವಿಧಾನವು ತಾಳ್ಮೆಯದು. ಕ್ಷಯರೋಗದ ಕ್ರಿಮಿಯನ್ನು ಫ್ರಾನ್ಸ್ ದೇಶದ ಕಾಲ್ಮೆಟ್ ಮತ್ತು ಗೆರಾನ್ ಎಂಬವರು ೧೯೦೮ರಿಂದ ಹದಿಮೂರು ವರ್ಷ ಎತ್ತಿನ ಪಿತ್ತರಸ ಬೆರೆಸಿದ ಆಲೂಗಡ್ಡೆಯ ಮೇಲೆ ಬೆಳೆಯಿಸಿ, ಒಂದರಿಂದ ಇನ್ನೊಂದಕ್ಕೆ ೨೩೦ ಸಲ ದಾಟಿಸಿ, ೧೯೨೧ರಲ್ಲಿ ಮಗುವಿಗೆ ಕೊಡಬಲ್ಲ ಲಸಿಕೆಯನ್ನು ಪಡೆದರು. ಅದೇ ಇಂದು ಹುಟ್ಟಿದ ಕೂಸಿಗೆ ಹಾಕುವ ಬಿ.ಸಿ.ಜಿ. ಬಹುಕಾಲ ಬಾವಿಯಲ್ಲಿಯೇ ಈಜಿದವನು ಹೊಳೆಯ ಸೆಳವಿನಲ್ಲಿ ಈಜಲಾರದಂತೆ, ಪರಕೀಯವಾದ ಸ್ಥಳದಲ್ಲಿ ತಲೆತಲಾಂತರ ಬೆಳೆದ ರೋಗಾಣುವು ತನ್ನ ಹಳೆಯ ಬೀಡಿನಲ್ಲಿ ಬಾಳುವ ಬಲವನ್ನು ಕಳೆದುಕೊಳ್ಳುವುದು.

ಇದೇ ವಿಧಾನದಿಂದ ಒಂದು ಕೊರೋನಾ ವೈರಾಣುವಿಗೆ ಲಸಿಕೆಯನ್ನು ಬಹಳ ಹಿಂದೆಯೇ ಮಾಡಿದ್ದಾರೆಂದು ಕೇಳಿದರೆ ಅನೇಕರಿಗೆ ಆಶ್ಚರ್ಯವಾದೀತು. ಅದು ಮನುಷ್ಯರಿಗಾಗಿ ಮಾಡಿದುದಲ್ಲ, ಕೋಳಿಗಳಿಗಾಗಿ ಮಾಡಿದುದು. ೧೯೩೧ರಲ್ಲಿ ಅಮೇರಿಕೆಯ ಉತ್ತರ ಡಕೋಟಾ ಪ್ರಾಂತದಲ್ಲಿ ಕೋಳಿಮರಿಗಳು ಬಾಯಿ ತೆರೆದು ಏದುಸಿರು ಬಿಡುವ, ಸೀನುವ, ಗೊರಗೊರ ಸದ್ದು ಮಾಡುವ ಒಂದು ಅಂಟುರೋಗವನ್ನು ಮೊದಲು ವರ್ಣಿಸಿದರು. ಮೊಟ್ಟೆಯಿಡುವ ಕೋಳಿಗೆ ಅದು ತಗಲಿದರೆ ಮೊಟ್ಟೆ ಕಡಮೆಯಾಗುವುದು, ಚಿಪ್ಪು ಸುಕ್ಕುಗಟ್ಟುವುದು, ಒಳಗಿನ ಬಿಳಿಯ ಭಾಗ ನೀರಾಗುವುದು. ಇದಕ್ಕೆ ಕಾರಣವಾದುದು ಕೊರೋನಾ ವಂಶದ ವೈರಾಣುವೇ. ೧೯೩೭ರಲ್ಲಿ ಅದನ್ನು ಮೊಟ್ಟೆಯೊಳಗಿನ ಭ್ರೂಣದಲ್ಲಿ ಬೆಳೆಯಿಸಲು ಕಲಿತರು. ಮುಂದೆ ಹಾಲೆಂಡಿನಲ್ಲಿ ಒಂದು ತಳಿಯನ್ನು ಮೊಟ್ಟೆಯಿಂದ ಮೊಟ್ಟೆಗೆ ೧೨೦ ಸಲ ದಾಟಿಸಿ ಮಾಡಿದ ಲಸಿಕೆಗೆ ‘ಎಚ್ ೧೨೦’ ಎಂದೇ ಹೆಸರಾಯಿತು. ೫೨ ಸಲ ಮಾತ್ರ ದಾಟಿಸಿದುದಕ್ಕೆ ‘ಎಚ್ ೫೨’ ಎಂದು ಹೆಸರು. ಅದು ಇನ್ನೂ ತುಸು ತೀಕ್ಷ್ಣವಾದುದರಿಂದ ಮೊದಲು ಸೌಮ್ಯವಾದುದನ್ನು ಪಡೆದು ಬಲಿತ ಕೋಳಿಗಳಿಗೆ ಮಾತ್ರ ಅದನ್ನು ಕೊಡುತ್ತಿದ್ದರು. ಇಂಥ ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಬೆರೆಸಿಯೋ, ತುಂತುರಾಗಿ ಸಿಂಪಡಿಸಿಯೋ, ಕಣ್ಣಿಗೆ ಹನಿ ಹಾಕಿಯೋ ಸಾವಿರಾರು ಕೋಳಿಗಳಿಗೆ ಒಮ್ಮೆಗೇ ಕೊಡಬಹುದು. ನಮ್ಮ ದೇಶದ ಕೋಳಿಸಾಕಣೆಯಲ್ಲಿಯೂ ಇದು ಬಳಕೆಯಲ್ಲಿದೆ. ಮನೆಯಲ್ಲಿ ಕೋಳಿ ಸಾಕುವ ಓದುಗರು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ವೈದ್ಯರನ್ನು ಕೇಳಿದರೆ ಇದರ ವಿವರವನ್ನೂ, ಕೊಕ್ಕರೆ ರೋಗಕ್ಕೆ ಹಾಕುವ ಇನ್ನೊಂದು ಜೀವಂತ ಲಸಿಕೆಯ ವಿವರವನ್ನೂ ಅರಿಯಬಹುದು.

ಕೋಳಿಗಳ ಈ ದೀರ್ಘವಾದ ಅನುಭವದಿಂದ ಜನರು ಕಲಿತ ಪಾಠಗಳು ಎರಡು ಬಗೆಯವು. ಉಸಿರಾಟದ ಕೊರೋನಾ ವೈರಾಣುವಿಗೆ ಜೀವಂತ ಲಸಿಕೆ ಸಾಧ್ಯವೆಂಬುದು ಒಳ್ಳೆಯ ಪಾಠ. ಎಚ್ಚರಿಕೆಯ ಪಾಠಗಳು ಮೂರು ಇವೆ. ಮೊದಲನೆಯದು, ಆ ವೈರಾಣುವಿನಲ್ಲಿ ಒಳಜಾತಿಗಳು ಹಲವಿರುವುದರಿಂದ ಒಂದರ ಲಸಿಕೆಯು ಇನ್ನೊಂದನ್ನು ಚೆನ್ನಾಗಿ ತಡೆಯಲಾರದು. ಎರಡನೆಯದು, ಲಸಿಕೆಯ ವೈರಾಣುವು ಹಕ್ಕಿಯಿಂದ ಹಕ್ಕಿಗೆ ದಾಟುತ್ತ ಹೋದರೆ ಕಳೆದುಕೊಂಡ ತೀಕ್ಷ್ಣತೆಯನ್ನು ಮತ್ತೆ ಪಡೆಯಬಹುದೆಂದು ಪ್ರಯೋಗಗಳಿಂದ ಗೊತ್ತಾಗಿದೆ. ಮೂರನೆಯದು ಕೊರೋನಾ ವಂಶದ ವಿಶೇಷ ಗುಣ: ಒಂದೇ ಜೀವಕೋಶದೊಳಗೆ ಎರಡು ಬಗೆಯ ವೈರಾಣುಗಳು ಸೇರಿದರೆ ತಮ್ಮ ಬರಹದ ತುಂಡುಗಳನ್ನು ಪರಸ್ಪರ ಬದಲಾಯಿಸಿಕೊಂಡು ಹೊಸ ಮಿಶ್ರತಳಿಯನ್ನು ಹುಟ್ಟಿಸಬಲ್ಲವು. ಲಸಿಕೆಯ ವೈರಾಣುವೂ ಊರೊಳಗಿನ ವೈರಾಣುವೂ ಹೀಗೆ ಕೂಡಿಕೊಂಡ ಉದಾಹರಣೆಗಳು ಕೋಳಿಗಳಲ್ಲಿ ಕಂಡಿವೆ.

ಬಲವು ಮರಳುವ ಈ ಭಯವು ಬರಿಯ ಕಲ್ಪನೆಯಲ್ಲ. ಪೋಲಿಯೋ ಹನಿಗಳಿಂದ ನಮ್ಮ ದೇಶಕ್ಕೆ ಆದ ಉಪಕಾರವು ಅಪಾರವಾದುದು. ೨೦೧೧ನೆಯ ಇಸವಿ ಜನವರಿಯ ಅನಂತರ ಭಾರತದಲ್ಲಿ ಕಾಡು ಪೋಲಿಯೋ ವೈರಾಣುವಿನಿಂದ ಒಂದು ಮಗುವಿಗೂ ಬೇನೆ ಬಂದಿಲ್ಲ. ಆದರೂ ಹನಿಯೊಳಗಿನ ವೈರಾಣುವು ಅತ್ಯಂತ ವಿರಳವಾಗಿ ಬಲವನ್ನು ಮರಳಿ ಪಡೆದುದುಂಟು. ಅದರಿಂದ ೨೦೧೬ರ ಏಪ್ರಿಲಿನಲ್ಲಿ ಅದರ ಎರಡನೆಯ ಬಗೆಯನ್ನು ಹನಿಗಳಿಂದ ತೆಗೆದುಹಾಕಿ, ಸತ್ತ ವೈರಾಣುವಿನ ಚುಚ್ಚುಮದ್ದನ್ನೂ ಜೊತೆಗೆ ಕೊಡತೊಡಗಿದರು. ಕೊರೋನಾ ವಿಷಯದಲ್ಲಿಯೂ ಇಂಥ ಒಂದು ಅನುಭವ ಸ್ಪೇನ್ ದೇಶದ ಮ್ಯಾಡ್ರಿಡ್ಡಿನಲ್ಲಿ ಆಯಿತು. ೨೦೦೩ರಲ್ಲಿ ಹರಡಿದ ಸಾರ್ಸ್ ರೋಗದ ವೈರಾಣುವಿನಿಂದ ಲೂಯಿಸ್ ಎನ್‌ಹುವಾನೆಸ್ ಎಂಬ ವಿಜ್ಞಾನಿಯ ಬಳಗದವರು ಒಂದು ಸಣ್ಣ ಅಂಗವನ್ನು ಪೂರ್ತಿಯಾಗಿ ತೆಗೆದುಹಾಕಿದರು. ವೈರಾಣು ಬಲಗುಂದಿತು, ಲಸಿಕೆಯಾಗುವ ಲಕ್ಷಣವನ್ನೂ ತೋರಿತು. ಆದರೆ ಅದನ್ನು ಪ್ರಾಣಿಗಳಲ್ಲಿ ಮತ್ತೆ ಮತ್ತೆ ಬೆಳೆಯಿಸಿದಾಗ, ಅದು ತನ್ನ ಬೇರೊಂದು ಭಾಗವನ್ನು ಇಮ್ಮಡಿಸಿಕೊಂಡು, ಕಳೆದುಹೋದ ಅಂಗದ ಕೆಲಸವನ್ನು ಅದರಿಂದಲೇ ಮಾಡಿಸಿಕೊಳ್ಳಲು ಕಲಿತಿತು! ಒಂದೇ ಬೀಗವನ್ನು ಹಾಕಿದರೆ ಕಳ್ಳನು ಎಂದಾದರೂ ಕೀಲಿಯನ್ನು ಮಾಡಿಕೊಳ್ಳುವನೆಂಬುದು ಇದರಿಂದ ಸ್ಪಷ್ಟವಾಯಿತು.

ಹಾಗಾದರೆ ನೂರಾರು ಬೀಗಗಳನ್ನು ಹಾಕಬಹುದೇ? ಇದೇ ಹೊಸ ವಿಧಾನದ ಬೀಜ. ಕೊರೋನಾ ವೈರಾಣುವಿನೊಳಗೆ ಸುಮಾರು ೩೦,೦೦೦ ಅಕ್ಷರಗಳ ಒಂದು ಬರಹವಿದೆ. ನಮ್ಮ ಜೀವಕೋಶವು ಅದನ್ನು ಮೂರು ಮೂರು ಅಕ್ಷರಗಳ ಪದಗಳಾಗಿ ಓದಿ, ಪದಕ್ಕೊಂದರಂತೆ ಅಮೈನೋ ಆಮ್ಲಗಳನ್ನು ಪೋಣಿಸಿ, ವೈರಾಣುವಿನ ಅಂಗಗಳಾದ ಪ್ರೋಟೀನುಗಳನ್ನು ತಯಾರಿಸುವುದು. ಅಮೈನೋ ಆಮ್ಲಗಳು ೨೦ ಮಾತ್ರ; ಅವನ್ನು ಸೂಚಿಸುವ ಪದಗಳು ೬೧. ಆದ್ದರಿಂದ ಒಂದೇ ಅರ್ಥಕ್ಕೆ ಹಲವು ಪದಗಳು ಉಂಟು. ಹುಮನಾಬಾದಿನ ಸಂತೆಯಲ್ಲಿ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಒಬ್ಬರು ನೀರು ಎಂದರೆ, ಮರಾಠಿಯವರು ಪಾಣಿ ಎನ್ನುವರು, ಉರ್ದುವಿನವರು ಪಾನಿ ಎನ್ನುವರು, ತೆಲುಗರು ನೀಳ್ಳು ಎನ್ನುವರು. ಕೊಡದಲ್ಲಿ ಬರುವುದು ಒಂದೇ ನೀರು. ಈಗ ಒಬ್ಬನು ಒಂದು ಕಾಗದವನ್ನು, ಅರ್ಥವು ಎಳ್ಳಷ್ಟೂ ಕೆಡದಂತೆ, ಪದಪದಕ್ಕೂ ಭಾಷೆಯನ್ನು ಬದಲಿಸಿ ಬರೆದನೆಂದು ಇಟ್ಟುಕೊಳ್ಳಿರಿ. ಓದುವವನಿಗೆ ಅದು ತಿಳಿಯುವುದು. ಆದರೆ ಅವನು ತಡವರಿಸುತ್ತ, ನಿಲ್ಲುತ್ತ ಓದುವನು. ಹೀಗೆಯೇ ವೈರಾಣುವಿನ ಬರಹವನ್ನು ಜೀವಕೋಶಕ್ಕೆ ರೂಢಿಯಿಲ್ಲದ ಪದಗಳಲ್ಲಿ ಅಥವಾ ರೂಢಿಯಿಲ್ಲದ ಪದಜೋಡಣೆಯಲ್ಲಿ ತಿರುಗಿ ಬರೆದರೆ, ಅಂಗಗಳ ರೂಪವು ಮೊದಲಿನಂತೆಯೇ ಇರುವುದು, ಆದರೆ ಅವು ಬಹಳ ನಿಧಾನವಾಗಿ ತಯಾರಾಗುವುವು. ವೈರಾಣುವು ಹೆಚ್ಚಿ ಬೇನೆಯನ್ನು ತರುವ ಮೊದಲೇ ಶರೀರದ ಕಾವಲು ಎದ್ದು ನಿಲ್ಲುವುದು. ಬದಲಾವಣೆಗಳು ನೂರಾರು ಇರುವುದರಿಂದ, ಒಂದೆರಡು ತಿರುಗಿ ಮೊದಲಿನಂತಾದರೂ ವೈರಾಣುವಿಗೆ ದೊರೆಯುವ ಲಾಭ ಅತ್ಯಲ್ಪ.

ಈ ವಿಧಾನವನ್ನು ನಮ್ಮ ಹೆದ್ದಾರಿಯ ಎರಡು ತುದಿಗಳಲ್ಲಿಯೂ ಕೈಗೊಂಡರು. ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಎಂಬ ಸಂಸ್ಥೆಯನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ದನಕರುಗಳ ಲಸಿಕೆಗಾಗಿ ೧೯೮೨ರಲ್ಲಿ ಸ್ಥಾಪಿಸಿತು. ಅದು ೨೦೨೦ರ ಏಪ್ರಿಲಿನಲ್ಲಿ ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದೊಡನೆ ಸೇರಿ ಈ ಕಾರ್ಯವನ್ನು ಆರಂಭಿಸಿತು. ಪ್ರಾಣಿಗಳ ಮೇಲೆ ಪರೀಕ್ಷೆಗಳು ನಡೆದು ವರದಿಗಳು ಪ್ರಕಟವಾದವು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಅಮೇರಿಕೆಯ ಕೊಡಾಜೆನಿಕ್ಸ್ ಎಂಬ ಸಂಸ್ಥೆಯೊಡನೆ ಸೇರಿತು. ಇವರು ಮುಳ್ಳಿನ ಭಾಗದ ಬರಹದಲ್ಲಿ ಅರ್ಥ ಕೆಡದಂತೆ ೨೮೩ ಅಕ್ಷರಗಳನ್ನು ಬದಲಿಸಿದರು. ಅದಲ್ಲದೆ ವೈರಾಣುವು ಜೀವಕೋಶವನ್ನು ಹೊಗಲು ನೆರವಾಗುವ ಒಂದು ಸಣ್ಣ ತುಣುಕನ್ನೂ ಕತ್ತರಿಸಿ ತೆಗೆದರು. ಮೂಗಿಗೆ ಹಾಕುವ ಆ ಹನಿಯು ಮೊದಲು ಹ್ಯಾಮ್‌ಸ್ಟರ್ ಎಂಬ ಇಲಿಯ ಜಾತಿಯ ಪ್ರಾಣಿಗಳಲ್ಲಿ ನಿರಪಾಯವೆಂದು ಕಂಡಿತು. ಅನಂತರ ೨೦೨೧ರ ಆರಂಭದಲ್ಲಿ ಲಂಡನ್ ನಗರದಲ್ಲಿ ಮನುಷ್ಯರ ಮೇಲಿನ ಮೊದಲನೆಯ ಪರೀಕ್ಷೆ ತೊಡಗಿ, ಆರೋಗ್ಯವಂತರಾದ ೪೮ ಸ್ವಯಂಸೇವಕರು ಅದರಲ್ಲಿ ಭಾಗವಹಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ವಿಸ್ತಾರವಾದ ಪರೀಕ್ಷೆಯಲ್ಲಿಯೂ ಅದನ್ನು ಸೇರಿಸಲಾಯಿತು.

ಇಷ್ಟಾದರೂ, ಕೊರೋನಾ ವೈರಾಣುವನ್ನೇ ಬಲಗುಂದಿಸಿ ಮಾಡಿದ ಯಾವ ಲಸಿಕೆಗೂ ಮನುಷ್ಯರಲ್ಲಿ ಸಾರ್ವಜನಿಕವಾಗಿ ಬಳಸುವ ಅನುಮತಿ ಈವರೆಗೆ ದೊರೆತಿಲ್ಲ. ಇದನ್ನು ಸೋಲೆಂದು ಹಳಿಯುವುದು ನ್ಯಾಯವಲ್ಲ. ಕಾರಣಗಳು ವಿಚಾರ ಮಾಡತಕ್ಕವುಗಳಾಗಿವೆ. ಮಿಶ್ರತಳಿ ಹುಟ್ಟುವ ಸಂಭವವನ್ನು ಬಹು ದೀರ್ಘಕಾಲ ಪರಿಶೀಲಿಸಬೇಕು. ಈಗ ಬಹುಪಾಲು ಜನರ ಶರೀರದಲ್ಲಿ ಕೋವಿಡ್ಡಿನಿಂದಲೋ ಲಸಿಕೆಯಿಂದಲೋ ಉಂಟಾದ ಕಾವಲು ಮೊದಲೇ ಇರುವುದರಿಂದ, ಮೂಗಿಗೆ ಬಿಟ್ಟ ದುರ್ಬಲ ವೈರಾಣುವು ಬೆಳೆಯುವ ಮೊದಲೇ ನಾಶವಾಗಿ, ಹೊಸ ಪಾಠವನ್ನು ಕಲಿಸದೆ ಹೋಗಬಹುದು. ಗರ್ಭಿಣಿಯರಿಗೆ ಜೀವಂತ ಲಸಿಕೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ; ಅರ್ಬುದ ಮೊದಲಾದ ರೋಗಗಳ ಚಿಕಿತ್ಸೆಯಿಂದ ರಕ್ಷಣಶಕ್ತಿ ಕುಗ್ಗಿದವರಿಗೂ ಕೊಡುವುದಿಲ್ಲ. ಒಬ್ಬರ ಮೂಗಿಗೆ ಹಾಕಿದ ವೈರಾಣು ಅದೇ ಮನೆಯಲ್ಲಿರುವ ಇಂಥ ಇನ್ನೊಬ್ಬರಿಗೆ ದಾಟೀತೇ ಎಂಬುದನ್ನೂ ನೋಡಬೇಕು. ಅಜ್ಜಿಯೂ ಮೊಮ್ಮಗುವೂ ಒಂದೇ ಕಂಬಳಿಯಲ್ಲಿ ಮಲಗುವ ನಮ್ಮ ಮನೆಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಇನ್ನು ತಾಯಿಯ ಪ್ರಶ್ನೆಗೆ ಬರೋಣ. “ಜೀವವಿರುವ ವೈರಾಣುವನ್ನು ನನ್ನ ಮಗುವಿನೊಳಗೆ ಬಿಡುವುದು ಸರಿಯೋ?” ಹೀಗೆ ಕೇಳುವವಳನ್ನು ಅಜ್ಞಾನಿಯೆಂದು ನಗುವುದು ತಪ್ಪು, ಜಗತ್ತಿನ ದೊಡ್ಡ ವಿಜ್ಞಾನಿಗಳು ತಮ್ಮ ತಮ್ಮ ಪ್ರಯೋಗಶಾಲೆಗಳಲ್ಲಿ ಕೇಳಿಕೊಳ್ಳುತ್ತಿರುವುದೂ ಇದೇ ಪ್ರಶ್ನೆಯನ್ನು. ಅದಕ್ಕೆ ಎಲ್ಲ ಲಸಿಕೆಗಳಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಒಂದೊಂದು ಲಸಿಕೆಯನ್ನೂ ಬೇರೆ ಬೇರೆಯಾಗಿ ತೂಗಿ ನೋಡಬೇಕು. ದಡಾರ ಮತ್ತು ರುಬೆಲ್ಲಾ ಲಸಿಕೆಯನ್ನು ತೂಗಿದ್ದಾಗಿದೆ. ೨೦೧೭ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆ ಶಾಲೆಗಳಲ್ಲಿ ಮಕ್ಕಳಿಗೆ ಅದನ್ನು ಹಾಕಿದಾಗ ಕೆಲವು ತಾಯಂದಿರು ಅಂಜಿದರು. ಆದರೆ ಅದರ ಹಿಂದೆ ಅನೇಕ ದಶಕಗಳ ಅನುಭವವಿತ್ತು. ಆ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಕೂಸಿಗೆ ಒಮ್ಮೆ, ಅನಂತರ ಎರಡು ವರ್ಷ ತುಂಬುವ ಮೊದಲು ಇನ್ನೊಮ್ಮೆ ತಪ್ಪದೆ ಹಾಕಿಸತಕ್ಕದ್ದು. ಅದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಕೊರೋನಾ ವೈರಾಣುವಿನ ಜೀವಂತ ಲಸಿಕೆಯಾದರೋ ಇನ್ನೂ ತಕ್ಕಡಿಯಲ್ಲಿಯೇ ಇದೆ. ತೂಕ ಮುಗಿಯುವವರೆಗೆ ಅದನ್ನು ಮಗುವಿಗೆ ಕೊಡದಿರುವುದು ಎಷ್ಟು ವಿವೇಕವೋ, ತೂಗಿ ಸರಿಯೆಂದು ಕಂಡ ಲಸಿಕೆಯನ್ನು ಬರಿಯ ಅಂಜಿಕೆಯಿಂದ ತಪ್ಪಿಸುವುದು ಅಷ್ಟೇ ಅವಿವೇಕ.

ನಮ್ಮ ಶಾಲೆಯಿಂದ ಹೊರಟ ಸಹೋದರಿಯರಲ್ಲಿ ದಾದಿಯರಾದವರೂ ಉಪಾಧ್ಯಾಯಿನಿಯರಾದವರೂ, ಹಳ್ಳಿಯ ಮನೆಗಳಲ್ಲಿ ಗೃಹಿಣಿಯರಾಗಿ ನೆರೆಹೊರೆಗೆ ಬುದ್ಧಿ ಹೇಳುವವರೂ ಇದ್ದೀರಿ. ಅಂಜಿದ ತಾಯಿಯೊಬ್ಬಳು ಲಸಿಕೆಯ ವಿಷಯವಾಗಿ ನಿಮ್ಮನ್ನು ಕೇಳಿದಾಗ, ಅವಳ ಬಾಯಿ ಮುಚ್ಚಿಸದೆ, ಸುಳ್ಳು ಧೈರ್ಯವನ್ನೂ ಹೇಳದೆ, ಯಾವುದು ಪರೀಕ್ಷೆಯಲ್ಲಿ ನಿಂತಿದೆ, ಯಾವುದು ಇನ್ನೂ ನಿಲ್ಲಬೇಕಾಗಿದೆ ಎಂಬುದನ್ನು ಪ್ರೀತಿಯಿಂದ ತಿಳಿಸಿರಿ. ಕರ್ತನು ಮನುಷ್ಯನಿಗೆ ಅನುಗ್ರಹಿಸಿದ ಬುದ್ಧಿಯು ಭಯವನ್ನು ಜ್ಞಾನದಿಂದ ಗೆಲ್ಲುವುದಕ್ಕಾಗಿಯೇ ಇರುವುದು. ಆ ಬುದ್ಧಿಯನ್ನು ನಮ್ಮ ಮನೆಗಳ ಕೂಸುಗಳಿಗಾಗಿ ಉಪಯೋಗಿಸುವುದೂ ಆತನ ಸೇವೆಯೇ ಆಗಿದೆ.